ಖಾಸಗಿ ಕೀಲಿಗೆ ಪಾಸ್‌ಫ್ರೇಸ್ ಆರಿಸುವ ಕೆಲಸವನ್ನು ದಾಳಕ್ಕೆ ಒಪ್ಪಿಸಿ

ದೂರದ ಸರ್ವರ್‌ಗಳಿಗೆ ಲಾಗಿನ್ ಆಗಲು ನೀವು ಸೃಷ್ಟಿಸಿಕೊಳ್ಳುವ ಎಸ್‌ಎಸ್‌ಎಚ್ ಖಾಸಗಿ ಕೀಲಿ ಅರ್ಧ ಕಿಲೋಬೈಟಿನ ಆಸುಪಾಸಿನ ಪುಟ್ಟ ಕಡತ. ಮಿಂಚಂಚೆಗೆ ಸಹಿ ಹಾಕಲು, ಕಡತಗಳನ್ನು ಗೂಢಲಿಪಿಗೆ ಇಳಿಸಲು ಬಳಸುವ ಜಿಪಿಜಿಯ ಖಾಸಗಿ ಕೀಲಿಯೂ ಡಿಸ್ಕಿನ ಮೂಲೆಯಲ್ಲಿ ಕುಳಿತ ಇಂಥದೇ ಒಂದು ಕಡತ. ಇದನ್ನು ನಕಲು ಮಾಡಿಕೊಳ್ಳಲು ಒಂದು ಕ್ಷಣ ಸಾಕು. ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪಿನಿಂದ, ಹಳೆಯ ಬ್ಯಾಕಪ್ ಉಳಿದಿರುವ ಪೆನ್‌ಡ್ರೈವಿನಿಂದ, ಕೈತಪ್ಪಿ ಕೋಡ್ ಹಂಚಿಕೊಳ್ಳುವ ಗಿಟ್ ಭಂಡಾರಕ್ಕೆ ಸೇರಿಸಿಬಿಟ್ಟ ಫೋಲ್ಡರಿನಿಂದ ಅದು ಹೊರಗೆ ಹೋಗಬಹುದು. ಮೂಲ ಕಡತ ಇದ್ದಲ್ಲೇ ಇರುವುದರಿಂದ ಹೋದದ್ದು ನಿಮಗೆ ತಿಳಿಯುವುದೂ ಇಲ್ಲ. ಅಲ್ಲಿಂದ ಮುಂದೆ ಕಳ್ಳನಿಗೂ ನಿಮ್ಮ ಕೀಲಿಗೂ ನಡುವೆ ಉಳಿಯುವುದು ಆ ಕಡತಕ್ಕೆ ಬೀಗವಾಗಿ ಹಾಕಿದ ಉದ್ದನೆಯ ಗುಪ್ತಪದ, ಅಂದರೆ ಪಾಸ್‌ಫ್ರೇಸ್ ಒಂದೇ.

ಎಟಿಎಂ ಕಾರ್ಡಿನ ಪಿನ್‌ಗೆ ನಾಲ್ಕು ಅಂಕೆ ಸಾಕಾಗುತ್ತದೆ, ಏಕೆಂದರೆ ಕೆಲವೇ ಸಲ ತಪ್ಪಿದರೆ ಬ್ಯಾಂಕು ಕಾರ್ಡನ್ನು ತಡೆಹಿಡಿಯುತ್ತದೆ. ಲೆಕ್ಕಪರಿಶೋಧಕರು ಡಿಜಿಟಲ್ ಸಹಿಗೆ ಬಳಸುವ ಯುಎಸ್‌ಬಿ ಟೋಕನ್ನಿನಲ್ಲೂ ತಪ್ಪುಗಳನ್ನು ಎಣಿಸುವ ಚಿಪ್ ಒಂದಿದ್ದು, ಮಿತಿ ಮೀರಿದರೆ ಅದು ಬಾಗಿಲು ಮುಚ್ಚಿಕೊಳ್ಳುತ್ತದೆ. ಡಿಸ್ಕಿನ ಮೇಲಿನ ಕಡತಕ್ಕೆ ಇಂಥ ಕಾವಲುಗಾರನಿಲ್ಲ. ಕಳ್ಳ ಅದನ್ನು ತನ್ನ ಯಂತ್ರಕ್ಕೆ ಕೊಂಡೊಯ್ದು, ಹತ್ತಾರು ಗ್ರಾಫಿಕ್ಸ್ ಕಾರ್ಡುಗಳನ್ನು ಜೋಡಿಸಿಕೊಂಡು, ತನಗೆ ಬೇಸರ ಬರುವವರೆಗೂ ಊಹೆಯ ಮೇಲೆ ಊಹೆ ಮಾಡುತ್ತಾ ಹೋಗಬಹುದು.

ಎಷ್ಟು ಊಹೆಗಳನ್ನು ತಡೆದುಕೊಳ್ಳಬೇಕು ಎಂಬುದಕ್ಕೆ ಒಂದು ಅಳತೆಗೋಲು ಬೇಕಲ್ಲವೇ? 2013ರ ಆರಂಭದಲ್ಲಿ, ಅಮೆರಿಕ ಸರ್ಕಾರದ ರಹಸ್ಯ ಕಣ್ಗಾವಲನ್ನು ಮುಂದೆ ಬಯಲು ಮಾಡಲಿದ್ದ ಎಡ್ವರ್ಡ್ ಸ್ನೋಡನ್ ಅವರು ಚಿತ್ರನಿರ್ದೇಶಕಿ ಲಾರಾ ಪಾಯ್ಟ್ರಸ್ ಅವರನ್ನು ಹೆಸರು ಹೇಳದೆ ಸಂಪರ್ಕಿಸಿದಾಗ, ನಿಮ್ಮ ಖಾಸಗಿ ಕೀಲಿಗೆ ಗಟ್ಟಿಯಾದ ಪಾಸ್‌ಫ್ರೇಸ್ ಇದೆಯೇ ನೋಡಿಕೊಳ್ಳಿ, ಎದುರಾಳಿ ಸೆಕೆಂಡಿಗೆ ಒಂದು ಟ್ರಿಲಿಯನ್ ಊಹೆ ಮಾಡಬಲ್ಲನೆಂದೇ ತಿಳಿಯಿರಿ ಎಂದು ಎಚ್ಚರಿಸಿದ್ದರು. ಒಂದು ಟ್ರಿಲಿಯನ್ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಲ್ಯಾಪ್‌ಟಾಪ್ ಕದಿಯುವ ಸಾಮಾನ್ಯ ಕಳ್ಳನಿಗೆ ಅಷ್ಟು ಬಲವಿರುವುದಿಲ್ಲ; ಆದರೂ ಮುಂದಿನ ಲೆಕ್ಕಗಳಿಗೆಲ್ಲ ನಾನು ಇದೇ ಅಳತೆಯನ್ನು ಹಿಡಿಯುತ್ತೇನೆ, ಏಕೆಂದರೆ ಇದಕ್ಕೆ ನಿಲ್ಲುವ ಪಾಸ್‌ಫ್ರೇಸನ್ನು ತಯಾರಿಸಲು ಬೇಕಾಗುವುದು ಅರ್ಧ ಗಂಟೆ ಮಾತ್ರ.

ನೆನಪಿನಿಂದ ಬಂದದ್ದು ಎಷ್ಟು ಹೊತ್ತು ನಿಂತೀತು

ಪಾಸ್‌ಫ್ರೇಸ್ ಕೇಳಿದೊಡನೆ ನಮ್ಮ ಬೆರಳು ಹೋಗುವುದು ಕಂಠಪಾಠವಾಗಿರುವುದರ ಕಡೆಗೆ. ಬೈಕಿನ ನೋಂದಣಿ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಎಪ್ಪತ್ತರ ಆಸುಪಾಸು ಆರ್‌ಟಿಒ ಸಂಕೇತಗಳಿದ್ದು, ಅವುಗಳ ಮುಂದೆ ಎರಡು ಅಕ್ಷರ, ನಾಲ್ಕು ಅಂಕೆ ಬರುತ್ತವೆ ಎಂದು ಹಿಡಿದರೆ ಒಟ್ಟು ಸಾಧ್ಯತೆಗಳು 47 ಕೋಟಿಯಷ್ಟು. ಮೇಲಿನ ಅಳತೆಯಲ್ಲಿ ಅಷ್ಟನ್ನೂ ಮುಗಿಸಲು ಅರ್ಧ ಮಿಲಿಸೆಕೆಂಡ್ ಸಾಕು. ಮೊಬೈಲ್ ಸಂಖ್ಯೆಗಳು 400 ಕೋಟಿ ಇರಬಹುದು. ಅವು ನಾಲ್ಕು ಮಿಲಿಸೆಕೆಂಡಿನಲ್ಲಿ ಮುಗಿಯುತ್ತವೆ. ಮಗಳ ಹೆಸರಿಗೆ ಹುಟ್ಟಿದ ವರ್ಷ ಅಂಟಿಸುವುದು, ಮನೆದೇವರ ಹೆಸರಿನ ನಡುವೆ ಒಂದು ಚಿಹ್ನೆ ತೂರಿಸುವುದು, ಅಕ್ಷರದ ಬದಲು ಅದನ್ನು ಹೋಲುವ ಅಂಕೆ ಬರೆಯುವುದು ಇವೆಲ್ಲ ಪಾಸ್‌ವರ್ಡ್ ಊಹಿಸುವ ಹ್ಯಾಶ್‌ಕ್ಯಾಟ್‌ನಂಥ ತಂತ್ರಾಂಶಗಳ ನಿಯಮಪಟ್ಟಿಯಲ್ಲಿ ಬಹಳ ಹಿಂದೆಯೇ ಸೇರಿಹೋಗಿವೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಯಾವ ಮುಸುಕೂ ಇಲ್ಲದೆ ಸೋರಿಹೋದ ಮೇಲೆ, ಜನ ಯಾವ ಜಾಣತನವನ್ನು ಎಲ್ಲಿ ತೋರಿಸುತ್ತಾರೆ ಎಂಬುದು ಗುಟ್ಟಾಗಿ ಉಳಿದಿಲ್ಲ.

ಇದಕ್ಕಿಂತ ಮೋಸದ್ದು ಉದ್ದನೆಯ ಸಾಲು. ವಚನದ ಒಂದು ಸಾಲನ್ನೋ ದಾಸರ ಪದದ ಪಲ್ಲವಿಯನ್ನೋ ಇಟ್ಟುಕೊಂಡರೆ ನಲವತ್ತು ಅಕ್ಷರ ದಾಟುತ್ತದೆ, ನೋಡಿದರೆ ಕೋಟೆಯಂತೆ ಕಾಣುತ್ತದೆ. ಆದರೆ ಕಳ್ಳ ಅಕ್ಷರಗಳನ್ನು ಊಹಿಸುವುದಿಲ್ಲ, ಸಾಲುಗಳನ್ನು ಊಹಿಸುತ್ತಾನೆ. ಜನರ ಬಾಯಲ್ಲಿ ಓಡಾಡುವ ಸಾಲುಗಳು ಒಂದು ಲಕ್ಷ ಇವೆ ಎಂದು ಉದಾರವಾಗಿಯೇ ಎಣಿಸೋಣ. ಪ್ರತಿಯೊಂದನ್ನೂ ಇಂಗ್ಲಿಷ್ ಲಿಪಿಯಲ್ಲಿ ನೂರು ಬಗೆಯಲ್ಲಿ ಬರೆಯಬಹುದು ಎಂದೂ ಒಪ್ಪೋಣ. ಅಷ್ಟಾದರೂ ಆಗುವುದು ಒಂದು ಕೋಟಿ. ಮುಂದೆ ಹೇಳಲಿರುವ ಪಟ್ಟಿಯಿಂದ ದಾಳ ಹಾಕಿ ಆರಿಸಿದ ಕೇವಲ ಎರಡು ಪದಗಳಿಗೆ 6,04,66,176 ಸಾಧ್ಯತೆಗಳಿವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಇಡೀ ವಚನದ ಸಾಲು ಎರಡು ಸಾಧಾರಣ ಪದಗಳಿಗೆ ಸೋಲುತ್ತದೆ.

ಕನ್ನಡದ ಪದ ಹೊರಗಿನವರಿಗೆ ಎಲ್ಲಿ ಗೊತ್ತಾಗಬೇಕು ಎಂಬ ನೆಮ್ಮದಿಯೂ ನಮ್ಮಲ್ಲಿ ಹಲವರಿಗಿದೆ. ಕನ್ನಡ ವಿಕಿಪೀಡಿಯ ಪೂರ್ತಿಯಾಗಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿದೆ. ಅದರಿಂದ ಪದಗಳ ಪಟ್ಟಿ ತೆಗೆಯುವುದು ವಿದ್ಯಾರ್ಥಿಯೊಬ್ಬನ ಒಂದು ಸಂಜೆಯ ಕೆಲಸ. ಗೂಢಲಿಪಿ ತಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಹೇಳಿದಂತೆ, ಗೂಢಲಿಪಿಯ ವಿಧಾನವೆಲ್ಲ ಶತ್ರುವಿನ ಕೈಗೆ ಸಿಕ್ಕರೂ ಕೀಲಿಯೊಂದರ ಗುಟ್ಟಿನಿಂದಲೇ ಅದು ನಿಲ್ಲುವಂತಿರಬೇಕು. ಪಾಸ್‌ಫ್ರೇಸಿಗೂ ಇದೇ ಪರೀಕ್ಷೆ. ಯಾವ ಪಟ್ಟಿಯಿಂದ, ಯಾವ ಕ್ರಮದಲ್ಲಿ, ಎಷ್ಟು ಪದ ಆರಿಸಿದಿರಿ ಎಂಬುದನ್ನೆಲ್ಲ ಕಳ್ಳನಿಗೆ ತಿಳಿಸಿಬಿಟ್ಟ ಮೇಲೂ ಅವನಿಗೆ ದಾರಿ ಕಾಣದಿದ್ದರೆ ಮಾತ್ರ ನಿಮ್ಮ ಪಾಸ್‌ಫ್ರೇಸ್ ಗಟ್ಟಿ.

ಐದು ದಾಳ, ಒಂದು ಪಟ್ಟಿ

ಈ ಪರೀಕ್ಷೆಯನ್ನು ಸಲೀಸಾಗಿ ಗೆಲ್ಲುವ ವಿಧಾನವೊಂದನ್ನು ಅಮೆರಿಕದ ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಪ್ರಕಟಿಸಿದರು. ಅದರ ಹೆಸರು ಡೈಸ್‌ವೇರ್. ಐದು ದಾಳಗಳು 7,776 ಬಗೆಯಲ್ಲಿ ಬೀಳುತ್ತವೆಯಾದ್ದರಿಂದ ಅಷ್ಟೇ ಪದಗಳ ಪಟ್ಟಿಯೊಂದಿದ್ದು, ಪ್ರತಿ ಪದದ ಮುಂದೆ ಐದಂಕಿಯ ಸಂಖ್ಯೆ ಇರುತ್ತದೆ. ದಾಳ ಹಾಕಿ, ಸಂಖ್ಯೆ ಓದಿ, ಎದುರಿಗಿರುವ ಪದವನ್ನು ಬರೆದುಕೊಳ್ಳಬೇಕು, ಅಷ್ಟೇ. ಮೂಲ ಪಟ್ಟಿಯಲ್ಲಿ ವಿಚಿತ್ರವಾದ ತುಣುಕುಗಳು ಬಹಳ ಇದ್ದವು. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2016ರಲ್ಲಿ ಹೊರತಂದ ಪಟ್ಟಿಯ ಪದಗಳು ಗುರುತಿನವು, ಬೆರಳಿಗೂ ಹಿತ. ಇಂಗ್ಲಿಷ್ ಪದಗಳು ಸರಾಗವಾಗಿರುವವರು ಅದನ್ನೇ ಬಳಸಬಹುದು.

ಸೆಕೆಂಡಿಗೆ ಲಕ್ಷ ಕೋಟಿ ಊಹೆಯ ವೇಗದಲ್ಲಿ ನಾಲ್ಕು ಪದಗಳ ಎಲ್ಲ ಜೋಡಣೆಗಳನ್ನೂ ಮುಗಿಸಲು ಒಂದು ಗಂಟೆ ಹಿಡಿಯುತ್ತದೆ, ಐದು ಪದಗಳಿಗೆ ಸುಮಾರು 11 ತಿಂಗಳು, ಆರು ಪದಗಳಿಗೆ 7,000 ವರ್ಷ. ಅರ್ಧ ದಾರಿಯಲ್ಲೇ ಸಿಕ್ಕಿಬಿಡಬಹುದೆಂದು ಇದನ್ನು ಎರಡರಿಂದ ಭಾಗಿಸಿಕೊಂಡರೂ ಆರು ಪದ ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದು ಸ್ಪಷ್ಟವಾಗುತ್ತದೆ. ನಡುವೆ ಚಿಹ್ನೆ, ದೊಡ್ಡಕ್ಷರ, ಅಂಕೆಗಳನ್ನು ಸೇರಿಸುವ ಗೋಜು ಬೇಕಿಲ್ಲ; ಅವು ನೆನಪಿಗೆ ಕೊಡುವ ತೊಂದರೆ ಹೆಚ್ಚು, ಕಳ್ಳನಿಗೆ ಕೊಡುವ ತೊಂದರೆ ಕಡಿಮೆ. ಅಷ್ಟೇ ಶ್ರಮಕ್ಕೆ ಇನ್ನೊಂದು ಪದ ಸೇರಿಸಿದರೆ ಅವನ ಕೆಲಸ ಒಮ್ಮೆಗೇ 7,776 ಪಟ್ಟಾಗುತ್ತದೆ.

ದಾಳವೆಂದರೆ ಲೂಡೋ ಪೆಟ್ಟಿಗೆಯ ದಾಳವೇ ಆದೀತು. ಅದರಲ್ಲಿರುವ ಸಣ್ಣಪುಟ್ಟ ಓರೆ ಇಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ಚೌಕಾಬಾರದ ಕವಡೆಗಳನ್ನು ಮಾತ್ರ ತರಬೇಡಿ. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆಯಾದ್ದರಿಂದ ಅದು ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ. ಸೀಳಿದ ಹುಣಸೆ ಬೀಜಕ್ಕೂ ಅದೇ ದೋಷ. ಆಟಕ್ಕೆ ರುಚಿ ಕೊಡುವ ಈ ಗುಣ ಪಾಸ್‌ಫ್ರೇಸಿಗೆ ಸಲ್ಲದು.

ಐದು ದಾಳಗಳನ್ನು ಒಟ್ಟಿಗೆ ಎಸೆಯುವವರು ಮಾಡುವ ತಪ್ಪೊಂದನ್ನು ಇಲ್ಲಿಯೇ ಹೇಳಬೇಕು. ಬಿದ್ದ ದಾಳಗಳನ್ನು ಓರಣವಾಗಿರಲಿ ಎಂದು ಒಂದು, ಎರಡು, ನಾಲ್ಕು ಹೀಗೆ ಏರಿಕೆಯಲ್ಲಿ ಜೋಡಿಸಿ ಓದಿದರೆ 7,776 ಸಾಧ್ಯತೆಗಳು 252ಕ್ಕೆ ಕುಸಿಯುತ್ತವೆ, ಪಟ್ಟಿಯ ಮುಕ್ಕಾಲುಪಾಲಿಗಿಂತ ಹೆಚ್ಚು ಪದಗಳು ಎಂದೂ ಬರುವುದೇ ಇಲ್ಲ. ಬಿದ್ದ ಜಾಗದಲ್ಲೇ ಬಿಟ್ಟು ಎಡದಿಂದ ಬಲಕ್ಕೆ ಓದಿ. ಅನುಮಾನವಿದ್ದರೆ ಒಂದೇ ದಾಳವನ್ನು ಐದು ಸಲ ಹಾಕಿ. ಹಾಗೆಯೇ ಬಂದ ಪದ ಹಿಡಿಸಲಿಲ್ಲವೆಂದು ಬದಲಿಸಬೇಡಿ, ವಾಕ್ಯದಂತೆ ಕೇಳಲಿ ಎಂದು ಪದಗಳನ್ನು ಹಿಂದುಮುಂದು ಮಾಡಬೇಡಿ. ಆರು ಪದಗಳನ್ನು ಜೋಡಿಸುವ 720 ಬಗೆಗಳಲ್ಲಿ ಅರ್ಥವಿರುವ ಒಂದನ್ನು ನೀವು ಆಯ್ದುಕೊಂಡರೆ, ಉಳಿದವನ್ನು ನೋಡುವ ಶ್ರಮ ಕಳ್ಳನಿಗೆ ತಪ್ಪಿತು.

ದಾಳ ಹಾಕಲು ಸೋಮಾರಿತನವೆನಿಸಿದರೆ ಕೀಪಾಸ್‌ಎಕ್ಸ್‌ಸಿಯಂಥ ಪಾಸ್‌ವರ್ಡ್ ನಿರ್ವಾಹಕ ಇದೇ ಕೆಲಸವನ್ನು ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳಿಂದ ಮಾಡಿಕೊಡುತ್ತದೆ. ಅದು ನಂಬಿಕೆಗೆ ಅರ್ಹ. ಯಾವುದೋ ಜಾಲತಾಣದ ಗುಂಡಿ ಒತ್ತಿ ಪಾಸ್‌ಫ್ರೇಸ್ ಪಡೆಯುವುದನ್ನಾಗಲಿ, ಎಐ ಚಾಟ್ ಸಹಾಯಕನನ್ನು ಆರು ಪದ ಕೊಡು ಎಂದು ಕೇಳುವುದನ್ನಾಗಲಿ ನಾನು ಒಪ್ಪುವುದಿಲ್ಲ. ಮೊದಲನೆಯದರಲ್ಲಿ ಗುಟ್ಟು ಪರರ ಯಂತ್ರದಲ್ಲಿ ಹುಟ್ಟುತ್ತದೆ, ಎರಡನೆಯದಕ್ಕೆ ಮನುಷ್ಯರಂತೆಯೇ ಮೆಚ್ಚಿನ ಪದಗಳಿರುತ್ತವೆ.

ಕನ್ನಡದ ಪದಗಳಲ್ಲೇ ಬೇಕೆಂದರೆ

ನನ್ನ ಮಟ್ಟಿಗೆ ಕನ್ನಡದ ಪದಗಳೇ ಬೇಗ ನೆನಪಿಗೆ ಹತ್ತುತ್ತವೆ. ಆದರೆ ಅವುಗಳನ್ನು ಕನ್ನಡ ಲಿಪಿಯಲ್ಲಿ ಟೈಪ್ ಮಾಡುವ ಆಸೆಯನ್ನು ಬಿಡಬೇಕು, ಮತ್ತು ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಪರೀಕ್ಷೆಗೆಂದು ಮಾಡಿದ ಒಂದು ಕೀಲಿಗೆ ಮೊಬೈಲಿನಲ್ಲಿ ಕನ್ನಡದಲ್ಲೇ ಪಾಸ್‌ಫ್ರೇಸ್ ಹಾಕಿ, ಕೀಲಿಯನ್ನು ಮೇಜಿನ ಕಂಪ್ಯೂಟರಿಗೆ ತಂದಾಗ ಅದೇ ಪದಗಳನ್ನು ಎಷ್ಟು ಸಲ ಬರೆದರೂ ಅದು ತೆರೆಯಲಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಕೋ’ ಎಂಬ ಅಕ್ಷರವನ್ನು ‘ಕ’ದ ಮುಂದೆ ಓತ್ವದ ಒಂದೇ ಸಂಕೇತ ಇಟ್ಟು ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಕೋಗಿಲೆಯ ‘ಕೋ’. ಗೂಢಲಿಪಿಯ ತಂತ್ರಾಂಶಕ್ಕೆ ಕಾಣುವುದು ಬೈಟುಗಳು ಮಾತ್ರ, ಅವು ಬೇರೆ ಬೇರೆ. ಇದರ ಜೊತೆಗೆ ಒತ್ತಕ್ಷರವಾಗದಂತೆ ತಡೆಯಲು ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಕುಳಿತುಕೊಳ್ಳುವ ಕಾಣದ ಚಿಹ್ನೆಯೊಂದಿದೆ, ಅದನ್ನು ಕೆಲವು ಕೀಲಿಮಣೆಗಳು ತಾವಾಗಿ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಪಾಸ್‌ಫ್ರೇಸ್ ಬರೆಯುವಾಗ ತೆರೆಯ ಮೇಲೆ ಚುಕ್ಕೆಗಳಷ್ಟೇ ಮೂಡುವುದರಿಂದ ಎಲ್ಲಿ ತಪ್ಪಿತು ಎಂದು ನೋಡುವ ದಾರಿಯೂ ಇರುವುದಿಲ್ಲ. ಡಿಸ್ಕಿನ ಬೀಗವನ್ನು ಕಂಪ್ಯೂಟರ್ ಏಳುವ ಹೊತ್ತಿನಲ್ಲೇ ತೆರೆಯಬೇಕಾದವರಿಗಂತೂ ಕನ್ನಡದ ಕೀಲಿಮಣೆಯೇ ಆ ಹೊತ್ತಿಗೆ ಎದ್ದಿರುವುದಿಲ್ಲ.

ಹಾಗಾಗಿ ಕನ್ನಡ ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯುವ ಪಟ್ಟಿಯೊಂದನ್ನು ನೀವೇ ಮಾಡಿಕೊಳ್ಳಿ. ನಾಲ್ಕು ದಾಳಗಳಿಗೆ 1,296 ಪದ ಸಾಕು. ಮೂವತ್ತಾರು ಗುಂಪು, ಗುಂಪಿಗೆ ಮೂವತ್ತಾರು ಪದ ಎಂದು ಇಟ್ಟುಕೊಂಡರೆ ಬರೆಯುವುದು ಬೇಸರವಾಗುವುದಿಲ್ಲ. ಪಾತ್ರೆಪಗಡಿ ಒಂದು ಗುಂಪು, ಹಕ್ಕಿಗಳದೊಂದು, ಮನೆಯ ಭಾಗಗಳದೊಂದು, ಮನಸ್ಸಿನ ಭಾವಗಳದೊಂದು. ದೀರ್ಘಕ್ಕೆ ಯಾವಾಗಲೂ ಎರಡು ಅಕ್ಷರ ಬರೆಯುತ್ತೇನೆ, ಲಕಾರ ಳಕಾರಗಳಿಗೆ ಒಂದೇ ಅಕ್ಷರ ಬಳಸುತ್ತೇನೆ ಎಂಬಂಥ ನಿಯಮವನ್ನು ಮೊದಲೇ ಹಾಕಿಕೊಳ್ಳಬೇಕು. ಆಗ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ ಆಗಿಬಿಡುತ್ತವೆ, ‘ಕಟ್ಟೆ’ಯ ಪಕ್ಕದಲ್ಲಿ ‘ಕತ್ತೆ’ ಬಂದು ನಿಲ್ಲುತ್ತದೆ; ಇಂಥ ಜೋಡಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಪಟ್ಟಿ ಗುಟ್ಟಿನದಲ್ಲ, ಅದನ್ನು ಗೆಳೆಯರಿಗೂ ಕೊಡಬಹುದು.

ಪಟ್ಟಿ ಚಿಕ್ಕದಾದ್ದರಿಂದ ಪದಗಳ ಸಂಖ್ಯೆ ಹೆಚ್ಚಬೇಕು. ಏಳು ಪದಗಳು ಅದೇ ವೇಗದ ಎದುರು 195 ವರ್ಷ ನಿಲ್ಲುತ್ತವೆ, ಎಂಟು ಪದಗಳು ಎರಡೂವರೆ ಲಕ್ಷ ವರ್ಷ. ನಾನು ಎಂಟನ್ನೇ ಹೇಳುತ್ತೇನೆ. ದಾಳ ಎರಡು, ಐದು, ಒಂದು, ಆರು ಎಂದು ಬಿತ್ತೆನ್ನಿ: ಮೊದಲ ಎರಡು ಅಂಕೆಗಳು ಪಾತ್ರೆಗಳ ಗುಂಪನ್ನು ತೋರಿಸುತ್ತವೆ, ಉಳಿದೆರಡು ಅದರೊಳಗಿನ ಪದವನ್ನು, ಸಿಕ್ಕಿದ್ದು ‘ಕೊಡಪಾನ’. ಹೀಗೆ ಎಂಟು ಸಲ ಆದ ಮೇಲೆ ಹಾಳೆಯ ಮೇಲೆ ಕೊಡಪಾನ, ಗಿಳಿ, ಬಚ್ಚಲು, ಹತ್ತಿ, ಮುನಿಸು, ತಗಡು, ಜಾತ್ರೆ, ಓಲೆ ಎಂದು ಬಂದಿದೆ. ಕೊಡಪಾನದ ಮೇಲೆ ಕುಳಿತ ಗಿಳಿ ಬಚ್ಚಲಿಗೆ ಹಾರಿ, ಅಲ್ಲಿ ಹತ್ತಿ ನೆನೆದದ್ದಕ್ಕೆ ಮುನಿಸಿಕೊಂಡು, ತಗಡು ಬಡಿಯುತ್ತಾ ಜಾತ್ರೆಗೆ ಹೋಗಿ ಓಲೆ ಕಳೆದುಕೊಂಡಿತು ಎಂದು ಕಥೆ ಕಟ್ಟಿಕೊಂಡರೆ ಕ್ರಮ ತಪ್ಪುವುದಿಲ್ಲ. ಕಥೆ ಎಷ್ಟು ಹುಚ್ಚಾಗಿದ್ದರೆ ಅಷ್ಟು ಚೆನ್ನಾಗಿ ಅಂಟುತ್ತದೆ. ಪದಗಳು ಮೊದಲು, ಕಥೆ ಆಮೇಲೆ ಎಂಬುದನ್ನು ಮರೆಯದಿರಿ. ಕಥೆಯನ್ನು ಮೊದಲು ಯೋಚಿಸಿದರೆ ದಾಳ ಹಾಕಿದ್ದೇ ವ್ಯರ್ಥ. ಈ ಎಂಟು ಪದಗಳು ಇಲ್ಲಿ ಅಚ್ಚಾಗಿರುವುದರಿಂದ ಇನ್ನು ಯಾರ ಉಪಯೋಗಕ್ಕೂ ಬರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕೀಲಿಗೆ ತೊಡಿಸುವುದು

ಎಸ್‌ಎಸ್‌ಎಚ್ ಕೀಲಿಯ ಕಡತವನ್ನು ತೆರೆದು ಮೊದಲ ಸಾಲು ನೋಡಿ. ಅಲ್ಲಿ ‘ಬಿಗಿನ್ ಆರ್‌ಎಸ್‌ಎ ಪ್ರೈವೇಟ್ ಕೀ’ ಎಂದಿದ್ದರೆ ಅದು ಹಳೆಯ ನಮೂನೆ. ಅದರಲ್ಲಿ ಪಾಸ್‌ಫ್ರೇಸನ್ನು ಎಂಡಿ5 ಎಂಬ ಹಳೆಯ ವಿಧಾನದಿಂದ ಒಂದೇ ಸಲ ಅರೆಯುವುದರಿಂದ ಊಹಿಸುವವನ ಕೆಲಸ ಬಹಳ ಹಗುರ. ‘ಓಪನ್‌ಎಸ್‌ಎಸ್‌ಎಚ್’ ಎಂಬ ಪದ ಇದ್ದರೆ ಅದು ಹೊಸ ನಮೂನೆ, 2018ರ 7.8ನೇ ಆವೃತ್ತಿಯಿಂದ ಇದೇ ರೂಢಿ. ಇಲ್ಲಿ ಬಿಕ್ರಿಪ್ಟ್ ಆಧಾರಿತ ವಿಧಾನ ಪ್ರತಿ ಊಹೆಯನ್ನೂ ಬೇಕೆಂದೇ ನಿಧಾನಗೊಳಿಸುತ್ತದೆ. ಎಸ್‌ಎಸ್‌ಎಚ್-ಕೀಜೆನ್ ಆಜ್ಞೆಯನ್ನು ಸಣ್ಣಕ್ಷರದ ‘ಪಿ’ ಆಯ್ಕೆಯೊಂದಿಗೆ ಕೊಟ್ಟರೆ ಪಾಸ್‌ಫ್ರೇಸ್ ಬದಲಾಗುತ್ತದೆ, ಇಂದಿನ ಆವೃತ್ತಿಗಳಲ್ಲಿ ಹಳೆಯ ಕಡತ ಹೊಸ ನಮೂನೆಗೆ ತಿರುಗುತ್ತದೆ. ಸಣ್ಣಕ್ಷರದ ‘ಎ’ ಆಯ್ಕೆಯ ಮುಂದೆ 100 ಎಂದು ಕೊಟ್ಟರೆ ಅರೆಯುವ ಸುತ್ತುಗಳೂ ಹೆಚ್ಚುತ್ತವೆ. ಸುತ್ತುಗಳ ಮೇಲೆ ಅತಿಯಾದ ಭರವಸೆ ಬೇಡ. ಸುತ್ತು ಹತ್ತು ಪಟ್ಟಾದರೆ ಕಳ್ಳನ ಕೆಲಸ ಹತ್ತು ಪಟ್ಟು, ನಿಮ್ಮ ಕಾಯುವಿಕೆಯೂ ಹತ್ತು ಪಟ್ಟು. ನಮ್ಮ ಕನ್ನಡ ಪಟ್ಟಿಯ ಒಂದು ಪದ ಸೇರಿದರೆ ಅವನಿಗೆ 1,296 ಪಟ್ಟು, ನಿಮಗೆ ಐದಾರು ಅಕ್ಷರ.

ಜಿಪಿಜಿಯಲ್ಲಿ ಕೀಲಿ ತಿದ್ದುವ ಆಜ್ಞೆಯೊಳಗೆ ‘ಪಾಸ್‌ವರ್ಡ್’ ಎಂಬುದರ ಮೊಟಕು ರೂಪವನ್ನು ಕೊಟ್ಟು ಪಾಸ್‌ಫ್ರೇಸ್ ಬದಲಿಸಬಹುದು. ಒಮ್ಮೆ ಬರೆದ ಪಾಸ್‌ಫ್ರೇಸನ್ನು ಹಿನ್ನೆಲೆಯಲ್ಲಿ ಓಡುವ ಅದರ ಸಹಾಯಕ ತಂತ್ರಾಂಶವಾದ ಏಜೆಂಟ್ 600 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ, ಬಳಸುತ್ತಾ ಹೋದರೆ ಹೆಚ್ಚೆಂದರೆ ಎರಡು ಗಂಟೆ. ಎಸ್‌ಎಸ್‌ಎಚ್‌ನ ಏಜೆಂಟಿಗೆ ನೀವಾಗಿ ಹೇಳದಿದ್ದರೆ ಅವಧಿಯೇ ಇರುವುದಿಲ್ಲ. ಬೀಗ ತೆರೆದ ಆ ಹೊತ್ತಿನಲ್ಲಿ ಯಂತ್ರ ಬೇರೆಯವರ ಕೈಗೆ ಸಿಕ್ಕರೆ ಪಾಸ್‌ಫ್ರೇಸ್ ಏನೂ ಮಾಡಲಾರದು, ಆದ್ದರಿಂದ ಕುರ್ಚಿ ಬಿಟ್ಟೇಳುವಾಗ ತೆರೆಗೆ ಬೀಗ ಹಾಕುವ ಅಭ್ಯಾಸ ಬೇಕು.

ಹೊಸ ಪಾಸ್‌ಫ್ರೇಸನ್ನು ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಬರೆಯುವಂತೆ ಏಜೆಂಟನ್ನು ನಿಲ್ಲಿಸಿಡಿ. ಬೆರಳಿಗೆ ಹತ್ತಿದ ಮೇಲೆ ಮರೆಯುವುದು ಕಷ್ಟ. ಆದರೂ ಮರೆತರೆ ಕೇಳಲು ಯಾವ ಕಚೇರಿಯೂ ಇಲ್ಲವಾದ್ದರಿಂದ ಅದನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳಿರುವ ಬೀರುವಿನಲ್ಲೇ ಇಡಿ. ಬರೆದಿಡಬಾರದೆಂಬ ಹಳೆಯ ಉಪದೇಶ ಕಚೇರಿಯ ಮಾನಿಟರಿಗೆ ಚೀಟಿ ಅಂಟಿಸುವವರಿಗೆ ಹೇಳಿದ್ದು. ದೂರದ ದೇಶದಲ್ಲಿ ಕುಳಿತ ಕಳ್ಳನಿಗೆ ನಿಮ್ಮ ಬೀರು ಎಟುಕುವುದಿಲ್ಲ. ಆ ಕಾಗದದ ಫೋಟೋ ತೆಗೆಯಬೇಡಿ, ಅದು ಮೊಬೈಲಿನಿಂದ ಕ್ಲೌಡಿಗೆ ತಾನಾಗಿಯೇ ಹೋಗಿಬಿಡುತ್ತದೆ. ದಾಳದ ಸಂಖ್ಯೆಗಳನ್ನು ಗೀಚಿದ ಹಾಳೆಯನ್ನು ಒಲೆಗೆ ಹಾಕಿ.

ತಿಂಗಳಿಗೊಮ್ಮೆ ಪಾಸ್‌ಫ್ರೇಸ್ ಬದಲಿಸುವ ಶಿಸ್ತು ಬೇಡ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಕೂಡ ಕಾರಣವಿಲ್ಲದೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬಾರದೆಂದು 2017ರ ಮಾರ್ಗಸೂಚಿಯಲ್ಲಿ ಹೇಳಿತು. ಬದಲಿಸಲು ಕಾರಣ ಬಂದಾಗ ಒಂದು ಸಂಗತಿ ಗಮನದಲ್ಲಿರಲಿ: ಬದಲಾಗುವುದು ನಿಮ್ಮ ಮುಂದಿರುವ ಕಡತದ ಬೀಗ ಮಾತ್ರ, ಒಳಗಿನ ಕೀಲಿ ಅದೇ. ಹಳೆಯ ಬ್ಯಾಕಪ್ಪಿನಲ್ಲಿರುವ ನಕಲು ಹಳೆಯ ಪಾಸ್‌ಫ್ರೇಸಿಗೇ ತೆರೆಯುತ್ತದೆ, ಆದ್ದರಿಂದ ಅಂಥ ನಕಲುಗಳನ್ನು ಹುಡುಕಿ ಅಳಿಸಬೇಕು. ಕಡತವೇ ಕಳುವಾಗಿದೆ ಎಂಬ ಅನುಮಾನವಿದ್ದರೆ ಪಾಸ್‌ಫ್ರೇಸ್ ಬದಲಿಸುತ್ತಾ ಕೂರದೆ ಆ ಕೀಲಿಯನ್ನೇ ಕೈಬಿಡಿ. ಎಸ್‌ಎಸ್‌ಎಚ್ ಕೀಲಿಯಾದರೆ ಪ್ರತಿ ಸರ್ವರಿನ ಅಧಿಕೃತ ಕೀಲಿಗಳ ಪಟ್ಟಿಯಿಂದ ಅದರ ಸಾಲನ್ನು ತೆಗೆದು ಹೊಸದನ್ನು ಸೇರಿಸಬೇಕು. ಜಿಪಿಜಿಯಾದರೆ ಈ ಕೀಲಿಯನ್ನು ಇನ್ನು ನಂಬಬೇಡಿ ಎಂದು ಸಾರುವ ರದ್ದತಿ ಪತ್ರವನ್ನು ಪ್ರಕಟಿಸಬೇಕು. ಜಿಪಿಜಿಯ 2.1ನೇ ಆವೃತ್ತಿಯಿಂದೀಚೆಗೆ ಕೀಲಿ ಹುಟ್ಟುವಾಗಲೇ ಈ ಪತ್ರವೂ ತಯಾರಾಗಿ ಅದೇ ಡಿಸ್ಕಿನಲ್ಲಿ ಕುಳಿತಿರುತ್ತದೆ. ಲ್ಯಾಪ್‌ಟಾಪ್ ಹೋದರೆ ಪತ್ರವೂ ಅದರೊಂದಿಗೇ ಹೋಗುವುದರಿಂದ ಇಂದೇ ಅದರ ಒಂದು ಪ್ರತಿಯನ್ನು ಮುದ್ರಿಸಿ, ಪಾಸ್‌ಫ್ರೇಸಿನ ಕಾಗದ ಇರುವ ಬೀರುವನ್ನು ಬಿಟ್ಟು ಬೇರೆ ಮನೆಯಲ್ಲಿ, ನಂಬಿಕೆಯ ಒಬ್ಬರ ಬಳಿ ಇಡಿ.